ಕಿಟಕಿ ಪಕ್ಕದ ಹಾಸಿಗೆ, ಹದಿನಾಲ್ಕು ಯೂನಿಟ್

ಬೆಳಿಗ್ಗೆ ಏಳೂ ಐವತ್ತಕ್ಕೆ ಸಾಲ್ಕಿನ್ ಇಂಜೆಕ್ಷನ್ ಕೋಣೆಯ ಬೀರುವಿನಿಂದ ಕೆಂಪು ಮುಚ್ಚಳದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮೊಣಕೈವರೆಗೆ ಕೈ ತೊಳೆದು, ಒರೆಸಿಕೊಳ್ಳದೆ ಗಾಳಿಗೆ ಹಿಡಿದು ನಿಂತಳು. ಆಸ್ಪತ್ರೆಯ ಟವೆಲಿನ ಮೇಲೆ ಅವಳಿಗೆ ಯಾವತ್ತೂ ನಂಬಿಕೆಯಿಲ್ಲ. ಹೊರಗೆ ಅಕ್ಟೋಬರಿನ ಮೊದಲ ಹಿಮ ಬಿದ್ದು ಅರ್ಧ ಕರಗಿತ್ತು. ಅಂಗಳದ ಕಂಬಕ್ಕೆ ಯಾರೋ ಕಟ್ಟಿಹೋದ ಕುದುರೆ ಮೂಗಿನಿಂದ ಹಬೆ ಬಿಡುತ್ತಾ ನಿಂತಿತ್ತು.

ಅವಳು ಎರಡು ದಿನದ ರಜೆ ಮುಗಿಸಿ ಬಂದಿದ್ದಳು. ಆ ಎರಡು ದಿನದಲ್ಲಿ ವಾರ್ಡು ತುಂಬಿಹೋಗಿತ್ತು. ನಾರಿನ್ ನದಿಯ ಮೇಲ್ದಂಡೆಯ ಈ ಸಣ್ಣ ಊರಿನಲ್ಲಿ ಪ್ರತಿ ವರ್ಷವೂ ಹೀಗೇ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿನಲ್ಲಿರುವಾಗ ಯಾರಿಗೂ ಕಾಯಿಲೆ ಬೀಳಲು ಪುರುಸೊತ್ತಿರುವುದಿಲ್ಲ. ಮಂದೆ ಕೆಳಗಿಳಿದು, ಹುಲ್ಲು ಬಣವೆಗೆ ಸೇರಿದ ಮೇಲೆ ಎದೆನೋವು, ಮಂಡಿನೋವು, ಸಕ್ಕರೆ ಕಾಯಿಲೆ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ.

"ಐದನೇ ಕೋಣೆ, ನಾಲ್ಕನೇ ಹಾಸಿಗೆ," ಎಂದು ಬೇಗಾಯಿಮ್ ಚೀಟಿ ನೋಡಿ ಓದಿದಳು. ಹಿಂದಿನ ದಿನದಿಂದ ಪಾಳಿಯಲ್ಲಿದ್ದು ಈಗ ಮನೆಗೆ ಹೊರಟಿದ್ದ ನರ್ಸು ಅವಳು. ಕೋಟು ಆಗಲೇ ಹೆಗಲಿಗೇರಿತ್ತು. ಸಾಲ್ಕಿನ್‌ಳನ್ನು ಅವಳು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು. "ಬುರ್ಮಾಕಾನ್. ಹುಟ್ಟಿದ್ದು ಐವತ್ತೆಂಟರಲ್ಲಿ. ಇನ್ಸುಲಿನ್, ತಿಂಡಿಗೆ ಮುಂಚೆ, ಹದಿನಾಲ್ಕು."

"ಇವರು ಯಾವಾಗ ಬಂದದ್ದು?"

"ಮೊನ್ನೆ. ಮೇಲಿನ ಕಣಿವೆಯವರು. ನಿನಗೆ ಗೊತ್ತಿರಲ್ಲ ಎಜೆ. ಒಳ್ಳೆ ಹೆಂಗಸು, ಮಾತು ಮಾತ್ರ ನಿಲ್ಸಲ್ಲ."

ಸಾಲ್ಕಿನ್ ಸಿರಿಂಜಿಗೆ ಹದಿನಾಲ್ಕು ಯೂನಿಟ್ ಎಳೆದು, ಗಾಳಿಗುಳ್ಳೆ ಹೊರಗೆ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದಳು. ಬೇಗಾಯಿಮ್ ಬಗ್ಗಿ ಗೆರೆಗಳನ್ನು ಎಣಿಸಿದಳು.

"ಹದಿನಾಲ್ಕೇ. ಸೈನ್ ಎಲ್ಲಿ ಹಾಕ್ಲಿ, ಬೇಗ ಹೇಳು. ಮಗನ ಸ್ಕೂಲು ಎಂಟೂವರೆಗೆ. ಅವರಪ್ಪನಿಗೆ ಬಿಟ್ರೆ ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸ್ ಹಾಕಿ ಕಳಿಸ್ತಾನೆ."

ಇಬ್ಬರೂ ಸಹಿ ಹಾಕಿದರು. ಚೀಟಿಯಲ್ಲಿದ್ದ ಹೆಸರು ಸರಿ, ಮದ್ದು ಸರಿ, ಪ್ರಮಾಣ ಸರಿ, ಹಾಸಿಗೆಯ ಸಂಖ್ಯೆಯೂ ಸರಿ. ಆದರೆ ಆ ಹೊತ್ತಿಗೆ ಐದನೇ ಕೋಣೆಯ ನಾಲ್ಕನೇ ಹಾಸಿಗೆಯಲ್ಲಿ ಬುರ್ಮಾಕಾನ್ ಇರಲಿಲ್ಲ. ಅಲ್ಲಿ ಎಂಬತ್ತೊಂದು ವರ್ಷದ ಬೇರೊಬ್ಬ ಅಜ್ಜಿ ಮಲಗಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಹಿಂದಿನ ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹತ್ತು ಗಂಟೆಗೆ ಹೊಟ್ಟೆಯ ಸ್ಕ್ಯಾನಿಂಗ್ ಇದ್ದದ್ದರಿಂದ ತಿಂಡಿಯನ್ನೂ ಕೊಡುವಂತಿರಲಿಲ್ಲ. ಹದಿನಾಲ್ಕು ಯೂನಿಟ್ ಇನ್ಸುಲಿನ್ ಅಂಥ ದೇಹಕ್ಕೆ ಹೋದರೆ ಮೊದಲು ಬೆವರು, ನಡುಕ, ಆಮೇಲೆ ನಿದ್ದೆಯಂಥ ಮಂಪರು. ನಿದ್ದೆಯೆಂದೇ ಎಲ್ಲರೂ ತಿಳಿಯುತ್ತಿದ್ದರು. ಹತ್ತಕ್ಕೆ ಸ್ಕ್ಯಾನಿಂಗಿಗೆ ಕರೆಯಲು ಬಂದವರು ಎಬ್ಬಿಸಿದರೂ ಅಜ್ಜಿ ಏಳುತ್ತಿರಲಿಲ್ಲ.

ಸಕ್ಕರೆ ನೋಡುವ ಪುಟ್ಟ ಯಂತ್ರವಿದ್ದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಯಂತ್ರವೇನೋ ಇತ್ತು, ಅದಕ್ಕೆ ಹಾಕುವ ಪಟ್ಟಿಗಳು ಮುಗಿದು ಎರಡು ದಿನವಾಗಿತ್ತು.

ಕೆಂಪು ಮುಚ್ಚಳದ ಡಬ್ಬಿ ಈ ಆಸ್ಪತ್ರೆಗೆ ಬಂದು ಒಂದು ವರ್ಷ. ಮುಖ್ಯ ವೈದ್ಯ ಕುಬಾತ್ ಇಸ್ಮಾಯಿಲೊವಿಚ್ ರಾಜಧಾನಿಯ ತರಬೇತಿಯಿಂದ ಮರಳಿದಾಗ ಅದರ ಜೊತೆ ಒಂದು ನಿಯಮವನ್ನೂ ತಂದಿದ್ದರು. ಇನ್ಸುಲಿನ್, ರಕ್ತ ತೆಳುವಾಗಿಸುವ ಹೆಪಾರಿನ್, ಹೃದಯವನ್ನೇ ನಿಲ್ಲಿಸಬಲ್ಲ ಪೊಟ್ಯಾಸಿಯಂ, ಈ ಮೂರೂ ಬೇರೆ ಮದ್ದುಗಳ ಜೊತೆ ಇರಕೂಡದು, ಬೀಗ ಹಾಕಿದ ಈ ಡಬ್ಬಿಯಲ್ಲೇ ಇರಬೇಕು. ಡಬ್ಬಿಯಿಂದ ತೆಗೆಯುವಾಗ ಇಬ್ಬರು ನೋಡಬೇಕು. ಕೊಡುವ ಮುಂಚೆ ರೋಗಿಯ ಬಾಯಿಂದಲೇ ಹೆಸರು, ಹುಟ್ಟಿದ ಇಸವಿ ಹೇಳಿಸಬೇಕು. ನರ್ಸು ತಾನಾಗಿ ಹೆಸರು ಹೇಳಿ "ಅಲ್ವಾ?" ಎಂದು ಕೇಳಬಾರದು, ಯಾಕೆಂದರೆ ಜ್ವರದಲ್ಲಿರುವವರು, ಕಿವಿ ಮಂದವಾದವರು ಏನು ಕೇಳಿದರೂ ಹೂಂ ಎನ್ನುತ್ತಾರೆ.

ಬೀಗದ ಬಗ್ಗೆ ಯಾರೂ ತಕರಾರು ಮಾಡಲಿಲ್ಲ, ಸಹಿಯ ಬಗ್ಗೆಯೂ ಇಲ್ಲ. ಹೆಸರು ಕೇಳುವ ವಿಷಯಕ್ಕೆ ಮಾತ್ರ ಜಗಳವಾಯಿತು.

ಸಾಲ್ಕಿನ್‌ಗೆ ಐವತ್ತೆರಡು ವರ್ಷ. ಇದೇ ವಾರ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸೂಜಿ ಹಾಕಿದ್ದಾಳೆ. ಊರಿನಲ್ಲಿ ಅವಳ ಕೈಗೆ ತೋಳು ಕೊಡದವರು ಕಡಿಮೆ. ಅಂಥವಳು ಹಾಸಿಗೆಯ ಪಕ್ಕ ನಿಂತು "ನಿಮ್ಮ ಹೆಸರೇನು?" ಎಂದು ಕೇಳಿದರೆ ಹಿರಿಯರಿಗೆ ಹೇಗಾಗಬೇಡ? ಸೆಪ್ಟೆಂಬರಿನಲ್ಲಿ ಹೆಪಾರಿನ್‌ಗಾಗಿ ಮಲಗಿದ್ದ ಸಾತಿಬಾಲ್ದಿ ಅಜ್ಜ, ಹಿಂದಿನ ಸಾಮೂಹಿಕ ಕೃಷಿ ಫಾರಮ್ಮಿನ ಅಧ್ಯಕ್ಷರಾಗಿದ್ದವರು, ಮೊದಲ ದಿನ ತಾಳಿಕೊಂಡರು. ಎರಡನೇ ದಿನ ಎದ್ದು ಕೂತರು.

"ನಿನ್ನ ಮದುವೇಲಿ ಹಿರಿಯರಿಗೆ ಅಂತ ಇಡೋ ಕುರಿ ತಲೆ ಯಾರ ಮುಂದೆ ಇಟ್ರು?" ಎಂದು ಕೇಳಿದರು.

"ನಿಮ್ಮ ಮುಂದೆ, ಅಜ್ಜ."

"ಅದರ ಕಿವಿ ಕೊಯ್ದು ನಿನ್ನ ಗಂಡನ ಕೈಗೆ ಕೊಟ್ಟೋರು ಯಾರು?"

"ನೀವೇ."

"ಮತ್ತೆ ಈಗ ನನ್ನ ಹೆಸರು ಗೊತ್ತಿಲ್ವಾ ನಿಂಗೆ? ಪೊಲೀಸಿನವನ ಹಾಗೆ ಇಸವಿ ಬೇರೆ ಕೇಳ್ತೀಯ. ನಂಗೆ ಅರಳು ಮರಳಾಗಿದೆಯಾ ಅಂತ ಪರೀಕ್ಷೆ ಮಾಡ್ತಿದೀಯಾ, ಇಲ್ಲಾ ನಿಂಗೇ ಆಗಿದೆಯಾ?"

ಕೋಣೆಯಲ್ಲಿದ್ದ ಗಂಡಸರೆಲ್ಲ ನಕ್ಕರು. ಮೂರನೇ ದಿನ ಅಜ್ಜ ತಮ್ಮ ಹೆಸರನ್ನು ಹೇಳಲಿಲ್ಲ, ಸೂಜಿಯನ್ನೂ ಬೇಡವೆಂದರು. ಮಗನ ಕೈ ಹಿಡಿದುಕೊಂಡು ಮುಖ್ಯ ವೈದ್ಯರ ಕೋಣೆಗೆ ಹೋಗಿ ಅರ್ಧ ಗಂಟೆ ಮಾತಾಡಿ ಬಂದರು.

ಆ ಸಂಜೆ ಕುಬಾತ್ ಇಸ್ಮಾಯಿಲೊವಿಚ್ ಸಾಲ್ಕಿನ್‌ಳನ್ನು ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ. ನಿಯಮ ತಂದವರೇ ಅವರು, ಅದನ್ನು ಸಡಿಲಿಸುವಾಗ ಕಿಟಕಿಯ ಕಡೆ ನೋಡುತ್ತಾ ಮಾತಾಡಿದರು. "ಸ್ವಲ್ಪ ನೋಡ್ಕೊಂಡು ಮಾಡಿ, ಸಾಲ್ಕಿನ್. ಗೊತ್ತಿಲ್ಲದವರನ್ನ ಕೇಳಿ. ವಯಸ್ಸಾದವರಿಗೆ ಮುಜುಗರ ಮಾಡ್ಬೇಡಿ. ಚೀಟಿ ಇದೆ, ಹಾಸಿಗೆ ನಂಬರ್ ಇದೆ, ಸಾಲದಾ?"

"ಸಾಲಲ್ಲ ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ," ಎಂದರು ವೈದ್ಯರು. "ಸಾತಿಬಾಲ್ದಿ ಅಜ್ಜ ನನ್ನ ಅಪ್ಪನಿಗೂ ಅಧ್ಯಕ್ಷರಾಗಿದ್ರು."

ಸಾಲ್ಕಿನ್ ತನ್ನ ಕೆಲಸಕ್ಕೆ ಮರಳಿದಳು. ಆದರೆ ಹಾಸಿಗೆಯ ಸಂಖ್ಯೆ ಸಾಲದು ಎಂದು ಅವಳಿಗೆ ಗೊತ್ತಿದ್ದದ್ದು ತರಬೇತಿಯಿಂದಲ್ಲ. ಹದಿನೇಳು ವರ್ಷದ ಹಿಂದೆ, ಪಕ್ಕದ ಹಾಸಿಗೆಯವನಿಗೆ ಹೋಗಬೇಕಿದ್ದ ಹೆಪಾರಿನ್ ಅನ್ನು ಅವಳು ತುರ್ಗುನ್ ಎಂಬ ಕುರಿಗಾಹಿಗೆ ಕೊಟ್ಟಿದ್ದಳು. ಅವನ ಹೊಟ್ಟೆಯಲ್ಲಿ ಹುಣ್ಣಿತ್ತು. ಆ ಇಡೀ ದಿನ ಅವನು ರಕ್ತ ಕಾರಿದ. ಅವಳು ಅವನ ಪಕ್ಕದಿಂದ ಕದಲದೆ ಮರುದಿನ ಬೆಳಗಿನವರೆಗೂ ಕೂತಳು. ತುರ್ಗುನ್ ಬದುಕಿದ. ಹುಣ್ಣೇ ಒಡೆದಿರಬೇಕು ಎಂದು ಎಲ್ಲರೂ ಅಂದುಕೊಂಡರು. ತನ್ನಿಂದಾದದ್ದನ್ನು ಅವಳು ಆಗಿನ ಮುಖ್ಯ ವೈದ್ಯರಿಗೆ ಹೇಳಿದಾಗ ಅವರು, "ಬದುಕಿದನಲ್ಲ, ಬಾಯಿ ಮುಚ್ಕೊಂಡಿರು," ಎಂದಿದ್ದರು.

ಸಾಲ್ಕಿನ್ ಪಕ್ಕದಲ್ಲಿ ಕೂತು ತನ್ನನ್ನು ಉಳಿಸಿದಳೆಂದು ತುರ್ಗುನ್ ಈಗಲೂ ನಂಬಿದ್ದಾನೆ. ಪ್ರತಿ ವರ್ಷ ಹುಲ್ಲುಗಾವಲಿನಿಂದ ಇಳಿದ ಮೇಲೆ ಕುರಿಯ ಹೊಟ್ಟೆಚೀಲದಲ್ಲಿ ತುಂಬಿದ ಬೆಣ್ಣೆ ತಂದುಕೊಡುತ್ತಾನೆ. ಸಾಲ್ಕಿನ್ ಅದನ್ನು ಮನೆಗೆ ಒಯ್ಯುವುದಿಲ್ಲ, ಆಸ್ಪತ್ರೆಯ ಅಡುಗೆಮನೆಗೆ ಕೊಟ್ಟುಬಿಡುತ್ತಾಳೆ. ಅಡುಗೆಯವಳು ಎರಡು ವಾರ ಗಂಜಿಗೆ ಹಾಕಿ ಬಡಿಸುತ್ತಾಳೆ. ಸಾಲ್ಕಿನ್‌ಗೆ ಬೆಣ್ಣೆ ಇಷ್ಟವಿಲ್ಲ ಎಂಬುದು ವಾರ್ಡಿನವರಿಗೆಲ್ಲ ತಿಳಿದ ಸಂಗತಿ.

ವೈದ್ಯರ ಕೋಣೆಯಿಂದ ಬಂದ ಮರುದಿನ ಅವಳು ಸಾತಿಬಾಲ್ದಿ ಅಜ್ಜನ ಮುಂದೆ ಟ್ರೇ ಹಿಡಿದು ನಿಂತಾಗ, ಹೆಸರನ್ನೂ ಕೇಳುವಂತಿಲ್ಲ, ಕೇಳದೆ ಸೂಜಿ ಹಾಕಲು ಕೈಯೂ ಬಾರದು ಎಂಬ ಸ್ಥಿತಿಯಲ್ಲಿದ್ದಳು. ಏನಾದರೂ ಮಾತಾಡಬೇಕಲ್ಲ ಎಂದು, ಚಹಾ ಕುಡಿಯುವಾಗ ಹಿರಿಯರನ್ನು ಎಲ್ಲರೂ ಕೇಳುವ ಮಾತನ್ನೇ ಕೇಳಿದಳು.

"ಅಜ್ಜ, ನಿಮ್ಮದು ಯಾವ ಪ್ರಾಣಿ ವರ್ಷ?"

ಅಜ್ಜನ ಮುಖ ಬಿಚ್ಚಿಕೊಂಡಿತು. "ಚಿರತೆ!" ಎಂದರು. "ನೋಡಿದ್ರೆ ಗೊತ್ತಾಗಲ್ವಾ? ಮೂವತ್ತೆಂಟರ ಚಿರತೆ. ನಮ್ಮ ಫಾರಮ್ಮಿನಲ್ಲಿ ಚಿರತೆಗಳು ಮೂರೇ ಜನ ಇದ್ವಿ. ಮೂರು ಜನಾನೂ ಒಬ್ಬರ ಮಾತು ಒಬ್ಬರು ಕೇಳ್ತಿರ್ಲಿಲ್ಲ. ನಿಂದ್ಯಾವುದು?"

"ಹಂದಿ, ಅಜ್ಜ."

"ಅಯ್ಯೋ ಪಾಪ. ಪರವಾಗಿಲ್ಲ ಬಿಡು, ಹಂದಿ ವರ್ಷದೋರಿಗೆ ಊಟಕ್ಕೆ ತೊಂದರೆ ಬರಲ್ಲ."

ಮಾತು ಮುಗಿಯುವ ಮೊದಲೇ ಸೂಜಿ ಹಾಕಿ ಆಗಿತ್ತು. ಚೀಟಿಯಲ್ಲಿ ಮೂವತ್ತೆಂಟು ಎಂದಿತ್ತು. ಚಿರತೆಯೇ ಸರಿ.

ಈ ಕಡೆಯ ಹಳೆಯ ಲೆಕ್ಕದಲ್ಲಿ ಪ್ರತಿ ವರ್ಷಕ್ಕೂ ಒಂದು ಪ್ರಾಣಿ, ಹನ್ನೆರಡು ವರ್ಷಕ್ಕೊಮ್ಮೆ ಅದೇ ಪ್ರಾಣಿ ಮರಳುತ್ತದೆ. ಹುಟ್ಟಿದ ಇಸವಿಯನ್ನು ಕೇಳುವುದು ಕಚೇರಿಯವರ ಕೆಲಸ. ವರ್ಷದ ಪ್ರಾಣಿಯನ್ನು ಕೇಳುವುದು ಮನೆಯವರ ಮಾತು. ಇಸವಿ ಮರೆತ ಮುದುಕಿಯೂ ತನ್ನ ಪ್ರಾಣಿಯನ್ನು ಮರೆಯುವುದಿಲ್ಲ. ಸಾಲ್ಕಿನ್ ಅವತ್ತೇ ಇಲಿಯಿಂದ ಹಂದಿಯವರೆಗಿನ ಹನ್ನೆರಡು ಪ್ರಾಣಿಗಳನ್ನೂ ಅವುಗಳಿಗೆ ಹೊಂದುವ ಇಸವಿಗಳನ್ನೂ ಕಾಗದದ ಮೇಲೆ ಬರೆದು, ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದಳು. ಯಾರಿಗೂ ಹೇಳಲಿಲ್ಲ. ಬೇಗಾಯಿಮ್ ನೋಡಿದಾಗ, "ಏನಿದು, ಜ್ಯೋತಿಷ್ಯ ಶುರು ಮಾಡಿದ್ಯಾ ಎಜೆ?" ಎಂದು ನಕ್ಕಳು. ಸಾಲ್ಕಿನ್ ಹೂಂ ಎಂದಳು. ಮೂರು ವಾರದಿಂದ ಅವಳು ಕೆಂಪು ಡಬ್ಬಿಯ ಮದ್ದು ಕೊಡುವ ಮುನ್ನ ಎಲ್ಲರಿಗೂ ಇದೇ ಪ್ರಶ್ನೆ ಕೇಳುತ್ತಿದ್ದಳು. ಮೂರು ವಾರದಲ್ಲಿ ಒಂದು ಸಲವೂ ಉತ್ತರ ತಪ್ಪಿರಲಿಲ್ಲ.

ಆ ಬೆಳಿಗ್ಗೆ ಚೀಟಿಯ ಐವತ್ತೆಂಟನ್ನು ನೋಡಿ, ಬೀರುವಿನ ಬಾಗಿಲ ಕಡೆ ಕಣ್ಣು ಹಾಯಿಸಿ, ನಾಯಿ ಎಂದು ಮನಸ್ಸಿನಲ್ಲಿ ಗುರುತು ಮಾಡಿಕೊಂಡು ಅವಳು ಟ್ರೇ ಹಿಡಿದು ಹೊರಟಳು.

ಐದನೇ ಕೋಣೆ ಹೆಂಗಸರದು. ಬಾಗಿಲಿಂದ ಕಿಟಕಿಯವರೆಗೆ ಸಾಲಾಗಿ ನಾಲ್ಕು ಹಾಸಿಗೆ, ಪ್ರತಿಯೊಂದರ ತಲೆಯ ಮೇಲೆ ಗೋಡೆಗೆ ನೀಲಿ ಬಣ್ಣದಲ್ಲಿ ಬರೆದ ಸಂಖ್ಯೆ. ಬಾಗಿಲ ಪಕ್ಕದ್ದು ಒಂದು, ಕಿಟಕಿಯ ಪಕ್ಕದ್ದು ನಾಲ್ಕು. ಕಿಟಕಿಯಡಿ ಬಿಸಿನೀರಿನ ಕೊಳವೆ ಹಾಯುವುದರಿಂದ ನಾಲ್ಕನೆಯದೇ ಬೆಚ್ಚಗಿನ ಜಾಗ. ನಾಲ್ವರೂ ಬಿಳಿಯ ತಲೆವಸ್ತ್ರ ಕಟ್ಟಿಕೊಂಡು ಕುತ್ತಿಗೆಯವರೆಗೆ ಕಂಬಳಿ ಹೊದ್ದಿದ್ದರು. ಸಾಲ್ಕಿನ್ ರಜೆಗೆ ಹೋಗುವಾಗ ಇಲ್ಲಿದ್ದವರು ಯಾರೂ ಈಗ ಇರಲಿಲ್ಲ. ನಾಲ್ಕೂ ಹೊಸ ಮುಖಗಳು.

ಅವಳು ನೇರ ಕಿಟಕಿಯ ಬಳಿಗೆ ಹೋಗಿ, ಹಿರಿಯ ಹೆಂಗಸರನ್ನೆಲ್ಲ ಕರೆಯುವಂತೆ ಅಪಾ, ಅಂದರೆ ಅಮ್ಮ, ಎಂದು ಮಾತಾಡಿಸಿದಳು.

"ಹೇಗಿದೀರಿ ಅಪಾ? ಚೆನ್ನಾಗಿ ನಿದ್ದೆ ಬಂತಾ?"

"ಬಾ ಮಗಳೇ, ಬಾ," ಎಂದರು ಅಜ್ಜಿ, ಕಂಬಳಿಯಿಂದ ತೋಳು ಹೊರತೆಗೆಯುತ್ತಾ. ಸೂಜಿ ಬರುತ್ತದೆಂದು ಅವರಿಗೆ ಮೊದಲೇ ಹೇಳಿದ್ದರು. ಶ್ವಾಸಕೋಶದಲ್ಲಿ ಕಫ ಕಟ್ಟಿ, ಹೊಟ್ಟೆನೋವೂ ಸೇರಿ ಬಂದವರು, ಕಫಕ್ಕೆ ಸೂಜಿಯೇ ಮದ್ದು ಎಂದು ಒಪ್ಪಿಕೊಂಡಿದ್ದರು. "ಚುಚ್ಚು. ನಂಗೇನೂ ಭಯ ಇಲ್ಲ. ಒಂಬತ್ತು ಹೆತ್ತವಳು ನಾನು."

ತೋಳು ಒಣಗಿದ ಕಡ್ಡಿಯಂತಿತ್ತು. ಸಾಲ್ಕಿನ್ ಸ್ಪಿರಿಟ್ಟಿನ ಹತ್ತಿಯಿಂದ ತೋಳಿನ ಹೊರಬದಿಯನ್ನು ಒರೆಸಿದಳು. ಸಿರಿಂಜಿನ ಮುಚ್ಚಳ ತೆಗೆದಳು. ಎಡಗೈಯಲ್ಲಿ ಚರ್ಮವನ್ನು ಹಿಡಿದೆತ್ತಿದಳು.

"ಅಪಾ, ನಿಮ್ಮದು ಯಾವ ವರ್ಷ? ನನ್ನ ಅತ್ತೆದು ನಾಯಿ ವರ್ಷ, ನೋಡಿದ್ರೆ ನೀವೂ ಹಾಗೇ ಕಾಣ್ತೀರಿ," ಎಂದು ಹೇಳಬಹುದಿತ್ತು. ಹಾಗೆ ಕೇಳಿದ್ದರೆ ಕಿವಿ ಮಂದವಾದ ಅಜ್ಜಿ ಹೂಂ ಎಂದು ತಲೆಯಾಡಿಸುತ್ತಿದ್ದರು. ಸಾಲ್ಕಿನ್ ಹಾಗೆ ಕೇಳಲಿಲ್ಲ. ಬಾಯನ್ನು ಅಜ್ಜಿಯ ಕಿವಿಯ ಹತ್ತಿರ ತಂದು ಇಷ್ಟೇ ಕೇಳಿದಳು: "ನಿಮ್ಮದು ಯಾವ ಪ್ರಾಣಿ ವರ್ಷ, ಅಪಾ?"

"ಕುದುರೆ," ಎಂದರು ಅಜ್ಜಿ.

ಸಾಲ್ಕಿನ್‌ಳ ಕೈ ನಿಂತಿತು.

ಅವಳ ತಲೆಯಲ್ಲಿ ಮೊದಲು ಬಂದದ್ದು ಅನುಮಾನವಲ್ಲ, ಸಮಜಾಯಿಷಿ. ಹಳಬರ ಪಾಸ್‌ಪೋರ್ಟುಗಳಲ್ಲಿ ಇಸವಿ ಎಷ್ಟೋ ಸಲ ತಪ್ಪಿರುತ್ತದೆ. ಹಳ್ಳಿಗೆ ಬಂದ ಗುಮಾಸ್ತ ಬೇಕಾದ್ದು ಬರೆದುಕೊಂಡು ಹೋಗುತ್ತಿದ್ದ ಕಾಲ ಅದು. ಒಂದು ವರ್ಷ, ಎರಡು ವರ್ಷ ಆಚೀಚೆ ಆಗುವುದುಂಟು. ಆದರೆ ನಾಯಿಗೂ ಕುದುರೆಗೂ ನಾಲ್ಕು ವರ್ಷ. ಅವಳು ಮುಖವನ್ನು ನೋಡಿದಳು. ಇದು ಅರವತ್ತೈದರ ಮುಖವೂ ಅಲ್ಲ, ಅರವತ್ತೊಂಬತ್ತರದೂ ಅಲ್ಲ. ಇದರ ಹಿಂದಿನ ಕುದುರೆ ನಲವತ್ತೆರಡು.

ಹಿಡಿದಿದ್ದ ಚರ್ಮವನ್ನು ಬಿಟ್ಟಳು. ಸೂಜಿಗೆ ಮುಚ್ಚಳ ಹಾಕಿ ಸಿರಿಂಜನ್ನು ಟ್ರೇಯಲ್ಲಿಟ್ಟಳು.

"ಏನಾಯ್ತು? ಕುದುರೆ ಆಗಲ್ವಾ ನಿಮಗೆ?" ಎಂದರು ಅಜ್ಜಿ.

ಸಾಲ್ಕಿನ್ ಕೋಣೆಯ ಕಡೆ ತಿರುಗಿದಳು. "ಬುರ್ಮಾಕಾನ್ ಅಪಾ ಯಾರು ಇಲ್ಲಿ?"

"ನಾನಿಲ್ಲಿ!" ಪಕ್ಕದ, ಮೂರನೇ ಹಾಸಿಗೆಯಿಂದ ದಪ್ಪನೆಯ ಹೆಂಗಸು ಕೈಯೆತ್ತಿದರು. "ಇವತ್ತು ನನ್ನ ಸೂಜಿ ಮರೆತುಬಿಟ್ರು ಅಂತ ಖುಷಿಯಾಗಿ ಕಂಬಳಿಯೊಳಗೆ ಅವಿತಿದ್ದೆ. ಊಲ್ಕಾನ್ ಅಪಾಗೆ ಕೊಡೋಕೆ ಹೊರಟಿದ್ಯಾ ನನ್ನದನ್ನ? ಕೊಡು ಕೊಡು, ನಂಗೇನೂ ಬೇಜಾರಿಲ್ಲ."

"ನೀವು ನಾಲ್ಕನೇ ಹಾಸಿಗೇಲಿ ತಾನೇ ಇರಬೇಕು?"

"ಇದ್ದೆ. ನಿನ್ನೆ ಸಂಜೆವರೆಗೂ ಅಲ್ಲೇ ಇದ್ದೆ."

"ಮತ್ತೆ ಇಲ್ಲಿಗೆ ಯಾಕೆ ಬಂದ್ರಿ?"

ಬುರ್ಮಾಕಾನ್ ಅಪಾ ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. "ನಿನ್ನೆ ಸಂಜೆ ಊಲ್ಕಾನ್ ಅಪಾನ ಕರ್ಕೊಂಡು ಬಂದು ಬಾಗಿಲ ಪಕ್ಕ ಮಲಗಿಸಿದ್ರು. ಬಂದೋರು ಹೋದೋರ ಕಾಲ ಹತ್ತಿರ, ಎಂಬತ್ತು ದಾಟಿದವರನ್ನ! ನಾನು ಬಾಗಿಲಿಂದ ದೂರ, ಮೇಲಿನ ಜಾಗದಲ್ಲಿ ಕಾಲು ಚಾಚ್ಕೊಂಡು ಮಲಗಿರೋದಾ? ನಾಳೆ ನಮ್ಮೂರಲ್ಲಿ ಏನಂತಾರೆ? ಎದ್ದು ಜಾಗ ಕೊಟ್ಟೆ."

"ನಾನು ಬೇಡ ಅಂದೆ," ಎಂದರು ಊಲ್ಕಾನ್ ಅಪಾ. "ನಂಗೆ ಎಲ್ಲಾದ್ರೂ ಒಂದೇ ಅಂದೆ. ಇವಳು ಕೇಳ್ಬೇಕಲ್ಲ."

"ಬೇಡ ಅಂತ ಮೂರು ಸಲ ಅಂದ್ರು, ನಾಲ್ಕನೇ ಸಲ ಓಡಿ ಹೋಗಿ ಮಲಗಿದ್ರು," ಎಂದರು ಬುರ್ಮಾಕಾನ್ ಅಪಾ.

"ಆಮೇಲೆ ಬುರ್ಮಾಕಾನ್ ಎಜೆ ಬಾಗಿಲ ಹತ್ತಿರ ಮಲಗೋಕಾಗುತ್ತಾ?" ಎಂದು ಈಗ ಎರಡನೆಯದರಲ್ಲಿದ್ದ ಹೆಂಗಸು ಸೇರಿಸಿದಳು. "ಅವರು ನನಗಿಂತ ಏಳು ವರ್ಷ ದೊಡ್ಡೋರು. ನಾನು ಮೂರನೆಯದು ಬಿಟ್ಟೆ. ಇವಳು ನನಗೆ ಎರಡನೆಯದು ಬಿಟ್ಟಳು." ಬಾಗಿಲ ಪಕ್ಕದ ಮೊದಲ ಹಾಸಿಗೆಯಲ್ಲಿ ನಾಲ್ವರಲ್ಲಿ ಕಿರಿಯಳು ಮಲಗಿದ್ದಳು, ಅವಳೂ ಐವತ್ತು ದಾಟಿದವಳೇ. ಅವಳು ಹೌದೆಂದು ತಲೆಯಾಡಿಸಿದಳು.

ಊಟದ ಹಾಸಿನ ಸುತ್ತ ಕೂತವರು ಹಿರಿಯರೊಬ್ಬರು ಒಳಗೆ ಬಂದಾಗ ಒಂದೊಂದು ಜಾಗ ಕೆಳಗೆ ಸರಿಯುವಂತೆ ನಾಲ್ವರೂ ಸರಿದಿದ್ದರು. ಥರ್ಮಾಸು, ಬಟ್ಟೆ ಗಂಟು, ಚಪ್ಪಲಿ ಎಲ್ಲವೂ ಅವರ ಜೊತೆ ಸರಿದಿದ್ದವು. ಗೋಡೆಯ ಮೇಲಿನ ಸಂಖ್ಯೆಗಳು ಮಾತ್ರ ಇದ್ದಲ್ಲೇ ಇದ್ದವು.

ಸಾಲ್ಕಿನ್ ಹಾಸಿಗೆಯ ಕಬ್ಬಿಣದ ಸರಳು ಹಿಡಿದುಕೊಂಡಳು. ಊಲ್ಕಾನ್ ಅಪಾ ಅವಳ ಮುಖ ನೋಡಿದರು. ಏನೋ ಆಗಿದೆ ಎಂಬುದಷ್ಟೇ ಅವರಿಗೆ ಅರ್ಥವಾಗಿರಬೇಕು. ಕೈ ಚಾಚಿ ಅವಳ ಮಣಿಕಟ್ಟನ್ನು ತಟ್ಟಿದರು.

"ಬಿಳುಚಿಕೊಂಡಿದೀಯಲ್ಲೇ. ನಿನ್ನ ದೃಷ್ಟಿಯೆಲ್ಲ ನನಗಿರಲಿ. ತಿಂಡಿ ತಿಂದೆಯಾ?"

"ಇಲ್ಲ, ಅಪಾ."

"ಅದಕ್ಕೇ. ನಂಗಂತೂ ಇವರು ಕೊಡಲ್ಲ, ನೀನಾದ್ರೂ ತಿನ್ನು. ಆ ಗಂಟಿನಲ್ಲಿ ರೊಟ್ಟಿ ಇದೆ, ಮುರ್ಕೋ."

ಸಾಲ್ಕಿನ್ ರೊಟ್ಟಿಯ ಒಂದು ಚೂರು ಮುರಿದುಕೊಂಡಳು. ಬೇಡವೆನ್ನುವ ಶಕ್ತಿ ಅವಳಲ್ಲಿರಲಿಲ್ಲ. ಅದನ್ನು ಜೇಬಿಗೆ ಹಾಕಿ ಇಂಜೆಕ್ಷನ್ ಕೋಣೆಗೆ ಮರಳಿದಳು.

ಬೇಗಾಯಿಮ್ ಬಾಗಿಲಲ್ಲಿ ಬೂಟಿನ ಜಿಪ್ಪು ಎಳೆಯುತ್ತಿದ್ದಳು.

"ನಿನ್ನೆ ಐದನೇ ಕೋಣೇಲಿ ಹಾಸಿಗೆ ಬದಲಾಯಿಸಿಕೊಂಡಿದ್ದನ್ನ ನೋಡಿದ್ಯಾ?" ಎಂದು ಸಾಲ್ಕಿನ್ ಕೇಳಿದಳು.

"ಅಯ್ಯೋ, ಅವರು ಯಾವಾಗ್ಲೂ ಸರೀತಾನೇ ಇರ್ತಾರೆ ಎಜೆ. ಹೊಸಬರು ಬಂದಾಗೆಲ್ಲ ಸಂತೆ. ಯಾಕೆ?" ಎಂದವಳು ಟ್ರೇಯಲ್ಲಿದ್ದ ತುಂಬಿದ ಸಿರಿಂಜನ್ನು ನೋಡಿದಳು. ಆಮೇಲೆ ಸಾಲ್ಕಿನ್‌ಳ ಮುಖವನ್ನು. ಜಿಪ್ಪಿನಿಂದ ಅವಳ ಕೈ ಕಳಚಿತು. "ಕೊಟ್ಟೆಯಾ?"

"ಇಲ್ಲ."

"ಕೊಟ್ಟಿಲ್ಲ ತಾನೇ? ಒಂದು ಚೂರೂ?"

"ಚುಚ್ಚಿಲ್ಲ ಬೇಗಾಯಿಮ್. ನೋಡು, ಹದಿನಾಲ್ಕೂ ಹಾಗೇ ಇದೆ."

ಬೇಗಾಯಿಮ್ ಒಂದೇ ಬೂಟಿನಲ್ಲಿ ಸ್ಟೂಲಿನ ಮೇಲೆ ಕೂತು ಮೊದಲು ನಕ್ಕಳು, ಆಮೇಲೆ ಅತ್ತಳು. "ನಾನೂ ಸೈನ್ ಹಾಕಿದ್ನಲ್ಲ," ಎಂದು ಎರಡು ಮೂರು ಸಲ ಹೇಳಿದಳು. ಸಾಲ್ಕಿನ್ ಅವಳ ಬೆನ್ನು ಸವರಿ, ಗೋಡೆಗೊರಗಿ ನಿಂತು, ಜೇಬಿನ ರೊಟ್ಟಿ ತೆಗೆದು ತಿಂದಳು. ಹದಿನೇಳು ವರ್ಷದ ಹಿಂದಿನ ಆ ದಿನದಿಂದ ಎದೆಯ ಎಡಭಾಗದಲ್ಲಿ ಸೂಜಿ ಎತ್ತಿದಾಗೆಲ್ಲ ಒಂದು ಬಿಗಿತ ಬರುತ್ತಿತ್ತು. ಈಗ ಅದನ್ನು ಹುಡುಕಿಕೊಂಡಳು. ಇರಲಿಲ್ಲ. ಮಧ್ಯಾಹ್ನಕ್ಕೆ ಮತ್ತೆ ಬರಬಹುದು, ಬರಲಿ ಎಂದುಕೊಂಡಳು.

ಮೊದಲಿನ ಸಿರಿಂಜನ್ನು ಎಸೆದು, ಹೊಸದಾಗಿ ಹದಿನಾಲ್ಕು ಎಳೆದು, ಬೇಗಾಯಿಮ್‌ಗೆ ಮತ್ತೆ ತೋರಿಸಿದಳು. ಈ ಸಲ ಬೇಗಾಯಿಮ್ ತಾನೂ ಕೋಣೆಗೆ ಬಂದಳು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಸಾಕ್ಸು.

"ನಿಮ್ಮದು ಯಾವ ವರ್ಷ, ಅಪಾ?"

"ನಾಯಿ," ಎಂದರು ಬುರ್ಮಾಕಾನ್ ಅಪಾ. "ಬೊಗಳೋದು ಕೇಳಿದ್ರೆ ಗೊತ್ತಾಗಲ್ವಾ?"

ಆಗ ಗಂಟೆ ಎಂಟೂ ಇಪ್ಪತ್ತು. ಬೇಗಾಯಿಮ್‌ಳ ಮಗ ಅವತ್ತು ಅಪ್ಪನ ಕೈಯಲ್ಲೇ ಶಾಲೆಗೆ ಹೋದ.

ಹತ್ತಕ್ಕೆ ಊಲ್ಕಾನ್ ಅಪಾರನ್ನು ಸ್ಕ್ಯಾನಿಂಗಿಗೆ ಕರೆಯಲು ಬಂದರು. ಅವರು ತಾವಾಗಿಯೇ ಎದ್ದು, ತಲೆವಸ್ತ್ರ ಸರಿಮಾಡಿಕೊಂಡು, ತಳ್ಳುಕುರ್ಚಿ ಬೇಡವೆಂದು ಗೋಡೆ ಹಿಡಿದು ನಡೆದರು. ಓಣಿಯ ತುದಿಯಲ್ಲಿ ನಿಂತಿದ್ದ ಸಾಲ್ಕಿನ್ ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಆಮೇಲೆ ಮುಖ್ಯ ವೈದ್ಯರ ಕೋಣೆಯ ಬಾಗಿಲು ತಟ್ಟಿ, ಆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು.

ಕುಬಾತ್ ಇಸ್ಮಾಯಿಲೊವಿಚ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಒಂದು ಕಾಗದ ಎಳೆದುಕೊಂಡು, "ರೋಗಿಗಳು ಹಾಸಿಗೆ ಬದಲಾಯಿಸುವುದನ್ನು ಕಟ್ಟುನಿಟ್ಟಾಗಿ..." ಎಂದು ಬರೆಯತೊಡಗಿದರು.

"ಅದು ಆಗಲ್ಲ," ಎಂದಳು ಸಾಲ್ಕಿನ್.

"ಯಾಕಾಗಲ್ಲ? ಇದು ಆಸ್ಪತ್ರೆ, ಮದುವೆ ಮನೆ ಅಲ್ಲ."

"ನಿಮ್ಮ ತಾಯೀನ ನಾಳೆ ಇಲ್ಲಿ ಸೇರಿಸಿದ್ರೆ ಬಾಗಿಲ ಪಕ್ಕ ಮಲಗಿಸ್ತೀರಾ? ಮಲಗಿಸಿದ್ರಿ ಅನ್ಕೊಳ್ಳಿ. ಕಿಟಕಿ ಪಕ್ಕದಲ್ಲಿರೋ ಹೆಂಗಸು ಏಳದೆ ಹಾಗೇ ಬಿದ್ಕೊಂಡಿದ್ರೆ ಅವಳ ಬಗ್ಗೆ ನೀವು ಏನ್ ಅಂತೀರಿ?"

ವೈದ್ಯರು ಪೆನ್ನಿನ ಹಿಂಬದಿಯಿಂದ ಹುಬ್ಬು ಕೆರೆದುಕೊಂಡರು.

"ನೀವು ಬರೆದ್ರೂ ಅವರು ಸರೀತಾರೆ. ಈಗ ನಮ್ಮೆದುರಿಗೆ ಸರೀತಾರೆ. ಬರೆದ್ರೆ ನಮಗೆ ಕಾಣದ ಹಾಗೆ ಸರೀತಾರೆ, ಅಷ್ಟೇ ವ್ಯತ್ಯಾಸ."

"ಮಣಿಕಟ್ಟಿಗೆ ಹಾಕೋ ಹೆಸರಿನ ಪಟ್ಟಿ ಕೇಳಿ ಒಂದು ವರ್ಷ ಆಯ್ತು. ಬಂದಿಲ್ಲ," ಎಂದರು ವೈದ್ಯರು, ತಮಗೇ ಹೇಳಿಕೊಂಡಂತೆ. "ಆ ನಿಮ್ಮ ಪ್ರಾಣಿಗಳ ಪಟ್ಟಿ ತನ್ನಿ, ನೋಡೋಣ."

ಅವಳು ಬೀರುವಿನ ಬಾಗಿಲಿಂದ ಕಾಗದವನ್ನು ಕಿತ್ತು ತಂದಳು. ಅವರು ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿ, ತಮ್ಮ ಇಸವಿಯ ಹತ್ತಿರ ಒಂದು ಗಳಿಗೆ ನಿಂತರು.

"ಒಂದೇ ಕೋಣೇಲಿ ಇಬ್ಬರು ಕುದುರೆ ಬಂದ್ರೆ?"

"ಊರು ಕೇಳ್ತೀನಿ. ಎಷ್ಟು ಮಕ್ಕಳು ಅಂತ ಕೇಳ್ತೀನಿ. ಅಷ್ಟು ಹೊತ್ತು ಪಕ್ಕದಲ್ಲಿ ನಿಂತ್ರೆ ಹೆಸರನ್ನ ಅವರೇ ಹೇಳ್ತಾರೆ. ಹೇಳದೆ ಇದ್ರೆ ಸೂಜಿ ಹಾಕಲ್ಲ. ಇನ್ನೊಂದು ಸಲ ನೀವು ಹಾಸಿಗೆ ನಂಬರ್ ನೋಡು ಅಂದ್ರೂ ನಾನು ಹಾಕಲ್ಲ, ಕುಬಾತ್ ಇಸ್ಮಾಯಿಲೊವಿಚ್."

"ಅನ್ನಲ್ಲ," ಎಂದರು ವೈದ್ಯರು. ಬರೆದಿದ್ದ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. "ಸಾತಿಬಾಲ್ದಿ ಅಜ್ಜನಿಗೆ ಇದನ್ನೆಲ್ಲ ನಾನೇ ಹೋಗಿ ಹೇಳ್ತೀನಿ."

"ಹೇಳಿ. ಹೋದಾಗ ಅವರದು ಯಾವ ಪ್ರಾಣಿ ಅಂತ ಮಾತ್ರ ಕೇಳ್ಬೇಡಿ. ಮಧ್ಯಾಹ್ನದವರೆಗೂ ಬಿಡಲ್ಲ."

ಮಧ್ಯಾಹ್ನ ಊಲ್ಕಾನ್ ಅಪಾ ಎರಡು ಬಟ್ಟಲು ಗಂಜಿ ಕುಡಿದು, ಉಪ್ಪು ಕಡಿಮೆಯೆಂದು ಅಡುಗೆಯವಳಿಗೆ ಹೇಳಿ ಕಳಿಸಿದರು. ಆ ವಾರ ತುರ್ಗುನ್ ಹುಲ್ಲುಗಾವಲಿನಿಂದ ಇಳಿದು ಬಂದಿರುವ ಸುದ್ದಿಯೂ ಸಿಕ್ಕಿತ್ತು. ಈ ಸಲದ ಬೆಣ್ಣೆಯನ್ನು ಇಸಿದುಕೊಳ್ಳುವ ಮೊದಲು ಅವನನ್ನು ಕೂರಿಸಿ ಚಹಾ ಕೊಟ್ಟು ಆ ಹಳೆಯ ಮಾತನ್ನು ಹೇಳಿಬಿಡಬೇಕು ಎಂದು ಸಾಲ್ಕಿನ್, ಮುಂದಿನ ಪಾಳಿಗೆ ಬಂದ ಬೇಗಾಯಿಮ್‌ಗೆ ಅದೇನೆಂದು ವಿವರಿಸಿ ಹೇಳಿದಳು. ಬೇಗಾಯಿಮ್, "ಆಮೇಲೆ ಬೆಣ್ಣೆ ಕೊಟ್ರೆ ನನಗೂ ಒಂದು ಚೂರು," ಎಂದಳು.

ಸೋಮವಾರದಿಂದ ರೋಗಿಗಳನ್ನು ಸೇರಿಸಿಕೊಳ್ಳುವ ಪುಸ್ತಕದಲ್ಲಿ ಹುಟ್ಟಿದ ಇಸವಿಯ ಪಕ್ಕ ವರ್ಷದ ಪ್ರಾಣಿಗೆಂದು ಇನ್ನೊಂದು ಕಾಲಂ ಇರುತ್ತದೆ. ಗೋಡೆಯ ಮೇಲಿನ ನೀಲಿ ಸಂಖ್ಯೆಗಳನ್ನು ಬಿಳಿ ಬಣ್ಣದಿಂದ ಮುಚ್ಚುವವನು ಶನಿವಾರ ಬರುತ್ತಾನೆ, ಐದನೇ ಕೋಣೆಯಿಂದ ಶುರುಮಾಡುತ್ತಾನೆ.